ಒಂದು ಒತ್ತಿದರೆ ಎರಡು ಬೀಳುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ರಾಯಚೂರಿನಿಂದ ಬರೆಯುತ್ತಿದ್ದೇನೆ. ಬಸ್ ಕಂಡಕ್ಟರುಗಳು ಕೈಯಲ್ಲಿ ಹಿಡಿಯುವಂಥ ಟಿಕೆಟ್ ಮಷೀನಿಗೆ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಡಿಬೌನ್ಸ್, ಕೀ ರಿಪೀಟ್, ಡಬಲ್ ಪ್ರೆಸ್ ಈ ಮೂರೂ ಅದರಲ್ಲಿ ಬರುತ್ತವೆ. ಕರಡಿನಲ್ಲಿ ಮೂರಕ್ಕೂ 'ಪುನರಾವರ್ತನೆ' ಎಂದೇ ಇದೆ. ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ ಮೂರರ ಕಾರಣವೂ ಬೇರೆ, ಮದ್ದೂ ಬೇರೆ.

ಡಿಬೌನ್ಸ್ ಅಂದರೆ ಬೌನ್ಸನ್ನು ತಡೆಯುವುದು. ಮೊದಲು ಬೌನ್ಸ್ ನೋಡಿ. ಗುಂಡಿ ಒತ್ತಿದಾಗ ಒಳಗಿನ ಲೋಹದ ತುದಿಗಳು ತಾಗಿ, ಬಿಟ್ಟು, ಮತ್ತೆ ತಾಗುತ್ತವೆ. ಕೆಲವೇ ಮಿಲಿಸೆಕೆಂಡಿನ ಮಾತು, ಬೆರಳಿಗೆ ಗೊತ್ತೇ ಆಗಲ್ಲ. ಪ್ರೊಸೆಸರಿಗೆ ಮಾತ್ರ ಅಷ್ಟು ಹೊತ್ತು ಧಾರಾಳ. ಪ್ರತಿ ತಾಗನ್ನೂ ಎಣಿಸಿಬಿಡುತ್ತದೆ. ಮಾನ್ವಿಗೆ 1 ಟಿಕೆಟ್ ಕೇಳಿದವರಿಗೆ 11 ಬಂದರೆ ಜಗಳವೇ ಅಲ್ವಾ? ಅದಕ್ಕೇ ತಂತ್ರಾಂಶ ಸುಮಾರು 10ರಿಂದ 50 ಮಿಲಿಸೆಕೆಂಡ್ ಕಾದು, ಗುಂಡಿ ಇನ್ನೂ ಒತ್ತಿಕೊಂಡೇ ಇದ್ದರೆ ಲೆಕ್ಕಕ್ಕೆ ತಗೊಳ್ಳುತ್ತದೆ. ತೀರಾ ಜಾಸ್ತಿ ಕಾಯಿಸಿದರೆ, ಬಿರಬಿರನೆ ಒತ್ತುವವರ ನಿಜವಾದ ಅಂಕಿಗಳೂ ತಪ್ಪಿಹೋಗುತ್ತವೆ.

ಬೌನ್ಸಿಗೆ 'ಪುಟಿತ', ಡಿಬೌನ್ಸಿಗೆ 'ಪುಟಿತ ತಡೆ' ಅನ್ನಬಹುದೇ? 'ಅದುರು' ಅಂತಲೂ ಒಬ್ಬರು ಸೂಚಿಸಿದರು. ಆದರೆ ಓದುವವರು ಮೊಬೈಲಿನ ವೈಬ್ರೇಷನ್ ಅಂದುಕೊಳ್ಳುತ್ತಾರೆ. ಬಳ್ಳಾರಿ ಕಡೆಯವರಿಗಂತೂ ಸಂಡೂರಿನ ಕಬ್ಬಿಣದ ಅದಿರೇ ನೆನಪಾಗುತ್ತದೆ!

ಕೀ ರಿಪೀಟ್ ದೋಷವಲ್ಲ, ಬೇಕೆಂದೇ ಕೊಟ್ಟ ಅನುಕೂಲ. ಅಳಿಸುವ ಗುಂಡಿ ಹಿಡಿದುಕೊಂಡರೆ ಅಕ್ಷರಗಳು ಸಾಲಾಗಿ ಹೋಗುತ್ತವಲ್ಲ, ಅದು. ಬೇಡವಾದ ಕಡೆ ತಡೆಯುವುದೂ ಸುಲಭ. ಮಷೀನು ಆಂಡ್ರಾಯ್ಡ್‌ನದಾದರೆ, ಅದು ಪ್ರತಿ ಒತ್ತಿನ ಜೊತೆ ಒಂದು ಎಣಿಕೆ ಕಳಿಸುತ್ತದೆ, ಮೊದಲನೆಯದಕ್ಕೆ 0, ಹಿಡಿದೇ ಇದ್ದರೆ ಮುಂದಿನವಕ್ಕೆ 1, 2 ಹೀಗೆ. ಸೊನ್ನೆ ಇದ್ದದ್ದನ್ನಷ್ಟೇ ಒಪ್ಪಿದರಾಯಿತು. 'ಹಿಡಿಒತ್ತು' ಎಂದು ಬರೆದಿಟ್ಟಿದ್ದೇನೆ, ಕಿವಿಗೆ ಅಷ್ಟು ಹಿತವಾಗಿಲ್ಲ.

ಮೂರನೆಯದು ಮನುಷ್ಯರ ಅವಸರ. ಪ್ರಿಂಟರ್ ನಿಧಾನ, ಬಸ್ಸು ತುಂಬಿದೆ, ಕಂಡಕ್ಟರ್ ಇನ್ನೊಮ್ಮೆ ಒತ್ತುತ್ತಾರೆ. ಇಲ್ಲಿ ಎರಡೂ ಒತ್ತು ನಿಜವಾದವೇ. 50 ಮಿಲಿಸೆಕೆಂಡ್ ಕಾದರೆ ಏನೂ ಪ್ರಯೋಜನವಿಲ್ಲ. ಕೆಲಸ ಮುಗಿಯುವ ತನಕ ಆ ಗುಂಡಿಗೆ ಕಿವುಡು ಬರಿಸಬೇಕು. ಇಲ್ಲವೇ ಪ್ರತಿ ಟಿಕೆಟ್ಟಿಗೂ ನಂಬರ್ ಕೊಟ್ಟು, ಅದೇ ನಂಬರ್ ಮತ್ತೆ ಬಂದರೆ ಬಿಟ್ಟುಬಿಡಬೇಕು.

ನಮ್ಮ ಕಡೆ ಜನ ಇದಕ್ಕೆಲ್ಲ 'ಡಬಲ್ ಬಿತ್ರೀ' ಅಂತಾರೆ. ಚೆಂದದ ಮಾತು. ತೊಂದರೆ-ಪರಿಹಾರದ ಪುಟಕ್ಕೆ 'ಟಿಕೆಟ್ ಡಬಲ್ ಬಿದ್ದರೆ' ಅನ್ನುವ ತಲೆಬರಹವನ್ನೇ ಇಡೋಣ ಅನ್ನಿಸಿದೆ. ಆದರೆ ಅದು ಆದದ್ದನ್ನು ಹೇಳುತ್ತದೆ, ಯಾಕಾಯಿತು ಅನ್ನುವುದನ್ನಲ್ಲ. ರಿಪೇರಿ ಮಾಡುವವರಿಗೆ ಅಷ್ಟು ಸಾಲದು.

ಇನ್ನೊಂದು ತೊಡಕು. ಮಷೀನಿನಲ್ಲಿ ಊರಿನ ಹೆಸರು ಕನ್ನಡದಲ್ಲೇ ಟೈಪ್ ಆಗುತ್ತದೆ. 'ಒತ್ತು ಎರಡು ಸಲ ಬಂದಿದೆ' ಅಂದರೆ ಒತ್ತಕ್ಷರ ಅಂದುಕೊಳ್ಳುವುದಿಲ್ಲವೇ? 'ಒತ್ತಿಕೆ' ಅಂದರೆ ನಡೆದೀತೇ? ಗಂಗಾವತಿ, ಕೊಪ್ಪಳ, ಬಳ್ಳಾರಿ ಕಡೆ ಇಂಥ ಮಷೀನು, ಕೀಪ್ಯಾಡ್ ಮೊಬೈಲು ರಿಪೇರಿ ಮಾಡುವವರ ಬಾಯಲ್ಲಿ ಬೇರೆ ಮಾತು ಕೇಳಿದ್ದರೆ ತಿಳಿಸಿ. ಅವರು ಅನ್ನುವ ಹಾಗೇ ಬರೆದು ಕಳಿಸಿ, ತಿದ್ದಬೇಡಿ.