ಹಳೆಯ ಬಿಟ್‌ಕಾಯಿನ್ ದರವನ್ನು ಎಪಿಐ ಮೂಲಕ ಪಡೆಯುವಾಗ ಕೇಳಿದ ದಿನಾಂಕ ಏಕೆ ಬರುವುದಿಲ್ಲ?

ಪ್ರಶ್ನೆ (ಎಂ.ಕಾಂ. ವಿದ್ಯಾರ್ಥಿ, ರಾಯಚೂರು):

ನಮಸ್ಕಾರ ಮೇಡಂ. ರಾಯಚೂರು ಎಪಿಎಂಸಿಯ ಹತ್ತಿ ಧಾರಣೆ ಮತ್ತು ಬಿಟ್‌ಕಾಯಿನ್ ದರ, ಇವೆರಡರ ಏರಿಳಿತವನ್ನು ಹೋಲಿಸಿ ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ಹತ್ತಿಯ ಧಾರಣೆ ಸಿಕ್ಕಿದೆ. ಬಿಟ್‌ಕಾಯಿನ್‌ಗಾಗಿ ಬೈನಾನ್ಸ್ ಎಂಬ ಕ್ರಿಪ್ಟೊ ಎಕ್ಸ್‌ಚೇಂಜಿನ ಎಪಿಐನಲ್ಲಿ (ಕೋಡ್ ಮೂಲಕ ಡೇಟಾ ಕೇಳುವ ದಾರಿ) 2024ರ ಜನವರಿ 1ರಿಂದ ಈಚಿನ ದಿನವಾರು ದರವನ್ನು ಕೇಳಿದರೆ, 2017ರ ಆಗಸ್ಟ್ 17ರಿಂದ ಆರಂಭವಾಗಿ 2018ರ ಡಿಸೆಂಬರ್ 29ಕ್ಕೆ ನಿಲ್ಲುವ 500 ಸಾಲುಗಳು ಬರುತ್ತಿವೆ. ಸ್ಟಾರ್ಟ್‌ಟೈಮ್ ಜಾಗದಲ್ಲಿ 1704067200 ಎಂದು ಕೊಟ್ಟಿದ್ದೇನೆ; ಕೋಡ್‌ನ ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಉಳಿದ ಡೇಟಾ ಪಡೆಯಲು ಹಣ ಕಟ್ಟಬೇಕಾಗುತ್ತದೆಯೆ?

ಉತ್ತರ (ಡೇಟಾ ಎಂಜಿನಿಯರ್, ಕೊಪ್ಪಳ):

ಮೊದಲು ಆ ಸ್ಕ್ರೀನ್‌ಶಾಟ್ ಅಳಿಸಿಬಿಡಿ. ಅದರಲ್ಲಿ ನಿಮ್ಮ ಎಪಿಐ ಕೀ ಮತ್ತು ಸೀಕ್ರೆಟ್ ಎರಡೂ ಕಾಣುತ್ತಿವೆ. ಚಿತ್ರ ಅಳಿಸಿದರಷ್ಟೇ ಸಾಲದು, ಖಾತೆಗೆ ಹೋಗಿ ಆ ಕೀಯನ್ನೇ ರದ್ದು ಮಾಡಿ. ಹಳೆಯ ಮಾರುಕಟ್ಟೆ ದರ ಓದುವುದಕ್ಕೆ ಕೀ ಬೇಕಾಗಿಯೇ ಇಲ್ಲ, ಹಣವನ್ನೂ ಕಟ್ಟಬೇಕಿಲ್ಲ.

ನೀವು ಕೊಟ್ಟ ಸಂಖ್ಯೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕದ್ದು, ಬೈನಾನ್ಸ್ ಕೇಳುವುದು ಮಿಲಿಸೆಕೆಂಡು. ನಿಮ್ಮ 1704067200ನ್ನು ಅದು ಮಿಲಿಸೆಕೆಂಡು ಎಂದು ಓದಿಕೊಂಡಾಗ ಸಿಗುವ ದಿನಾಂಕ 1970ರ ಜನವರಿ 20. ಆಗ ಬಿಟ್‌ಕಾಯಿನ್ ಎಲ್ಲಿತ್ತು? ಆದ್ದರಿಂದ ಅದು ತನ್ನ ಬಳಿಯಿರುವ ಮೊದಲ ದಿನದಿಂದ, ಎಂದರೆ ಬಿಟ್‌ಕಾಯಿನ್-ಟೆದರ್ (ಡಾಲರಿಗೆ ಸಮನಾಗಿರಲೆಂದು ಹೊರತಂದ ಕ್ರಿಪ್ಟೊ ನಾಣ್ಯ) ಜೋಡಿಯ ವಹಿವಾಟು ಅಲ್ಲಿ ಶುರುವಾದ 2017ರ ಆಗಸ್ಟ್ 17ರಿಂದ ಎಣಿಸತೊಡಗುತ್ತದೆ. ಸಂಖ್ಯೆಯ ಕೊನೆಗೆ ಮೂರು ಸೊನ್ನೆ ಸೇರಿಸಿ 1704067200000 ಎಂದು ಕೊಟ್ಟರೆ ಈ ತೊಂದರೆ ಮುಗಿಯಿತು. ಅಂಕಿಗಳನ್ನು ಎಣಿಸುವುದು ಸುಲಭದ ಪರೀಕ್ಷೆ: ಈಗಿನ ಕಾಲದ ದಿನಾಂಕಗಳಿಗೆ ಸೆಕೆಂಡಾದರೆ 10 ಅಂಕಿ, ಮಿಲಿಸೆಕೆಂಡಾದರೆ 13.

500 ಸಾಲುಗಳಿಗೆ ಕಾರಣ ಲಿಮಿಟ್, ಎಂದರೆ ಒಂದು ಕೋರಿಕೆಗೆ ಬರಬಹುದಾದ ಗರಿಷ್ಠ ಸಾಲುಗಳ ಸಂಖ್ಯೆ. ನೀವು ಏನೂ ಹೇಳದಿದ್ದರೆ ಅದು 500. ಹೇಳಿದರೂ 1000ಕ್ಕಿಂತ ಹೆಚ್ಚು ಕೊಡುವುದಿಲ್ಲ. ದಿನವಾರು ದರಕ್ಕೆ ಸಾವಿರ ಸಾಲು ಎಂದರೆ ಸುಮಾರು ಎರಡೂಮುಕ್ಕಾಲು ವರ್ಷ. ಅದಕ್ಕೂ ಹೆಚ್ಚು ಬೇಕಾದರೆ, ಬಂದ ಕೊನೆಯ ಕ್ಯಾಂಡಲ್‌ನ (ಒಂದು ಅವಧಿಯ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ದರಗಳಿರುವ ಸಾಲು) ಆರಂಭ ಸಮಯಕ್ಕೆ ಒಂದು ಮಿಲಿಸೆಕೆಂಡು ಕೂಡಿಸಿ ಅದನ್ನೇ ಮುಂದಿನ ಕೋರಿಕೆಯ ಸ್ಟಾರ್ಟ್‌ಟೈಮ್ ಮಾಡಿಕೊಳ್ಳಿ. ಕೂಡಿಸುವುದು ಮರೆತರೆ ಅದೇ ಕ್ಯಾಂಡಲ್ ಎರಡು ಸಲ ಬರುತ್ತದೆ. ಇನ್ನೂ ಪೂರ್ಣಗೊಳ್ಳದ ಇಂದಿನ ಕ್ಯಾಂಡಲ್ ಕೂಡ ಕೊನೆಯ ಸಾಲಾಗಿ ಬರಬಹುದು, ಅದನ್ನು ತೆಗೆದುಹಾಕಿ.

ಮುಂದೆಂದಾದರೂ ನಿಮಿಷವಾರು ದರ ಬೇಕಾದರೆ ಎಪಿಐಯನ್ನು ಬಡಿಯುತ್ತ ಕೂರಬೇಡಿ. 2024ರಲ್ಲಿ 5,27,040 ನಿಮಿಷಗಳಿವೆ, ಎಂದರೆ ಒಂದೇ ವರ್ಷಕ್ಕೆ 528 ಕೋರಿಕೆಗಳು. ಮಿತಿ ಮೀರಿದರೆ 429 ಎಂಬ ಉತ್ತರ ಬರುತ್ತದೆ. ಅದನ್ನು ಲೆಕ್ಕಿಸದೆ ಮುಂದುವರಿದರೆ 418 ಬಂದು ನಿಮ್ಮ ಐಪಿಯನ್ನೇ ಸ್ವಲ್ಪ ಹೊತ್ತು ತಡೆಹಿಡಿಯುತ್ತಾರೆ, ಹಾಸ್ಟೆಲ್ ವೈಫೈ ಆಗಿದ್ದರೆ ಅದರಲ್ಲಿರುವ ಎಲ್ಲರಿಗೂ ಆ ಬಾಗಿಲು ಮುಚ್ಚುತ್ತದೆ. ಅದರ ಬದಲು ಡೇಟಾ.ಬೈನಾನ್ಸ್.ವಿಷನ್ ಎಂಬ ತಾಣದಲ್ಲಿ ತಿಂಗಳುವಾರು ಜಿಪ್ ಕಡತಗಳು ಸಿದ್ಧವಾಗಿಯೇ ಇವೆ. ಒಂದು ಎಚ್ಚರಿಕೆ: ಆ ಸ್ಪಾಟ್ (ತಕ್ಷಣದ ಖರೀದಿ-ಮಾರಾಟದ) ಕಡತಗಳಲ್ಲಿ 2025ರ ಜನವರಿ 1ರಿಂದ ಸಮಯವು ಮೈಕ್ರೊಸೆಕೆಂಡಿನಲ್ಲಿ, ಎಂದರೆ 16 ಅಂಕಿಗಳಲ್ಲಿದೆ. 2024 ಮತ್ತು 2025ರ ಕಡತಗಳನ್ನು ನೋಡದೆ ಜೋಡಿಸಿದರೆ ದಿನಾಂಕಗಳು ಕಲಸಿಹೋಗುತ್ತವೆ.

ಮರುಪ್ರಶ್ನೆ (ವಾಣಿಜ್ಯ ಉಪನ್ಯಾಸಕ, ಬಳ್ಳಾರಿ):

ಮೇಡಂ, ಹತ್ತಿ ಮಾರುಕಟ್ಟೆಗೆ ವ್ಯವಹಾರ ಮುಗಿಯುವ ಹೊತ್ತು ಎಂಬುದಿದೆ, ರಜೆಯೂ ಇದೆ. ಬಿಟ್‌ಕಾಯಿನ್ ಹಗಲಿರುಳು ನಡೆಯುತ್ತದೆ. ಹೀಗಿರುವಾಗ ದಿನದ ಮುಕ್ತಾಯ ದರ ಎಂದರೆ ಯಾವ ಹೊತ್ತಿನದು? ಈ ಎರಡನ್ನು ಪಕ್ಕಪಕ್ಕದಲ್ಲಿ ಇಡಬಹುದೆ?

ಉತ್ತರ:

ಸರ್, ಪ್ರಬಂಧದ ಪರೀಕ್ಷಕರು ಕೇಳಬೇಕಾದ ಪ್ರಶ್ನೆಯೇ ಇದು. ದಿನದ ಕ್ಯಾಂಡಲ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿಗೆ ಆರಂಭವಾಗುವುದರಿಂದ ನಮ್ಮ ಗಡಿಯಾರದಲ್ಲಿ ಅದು ಬೆಳಗಿನ ಐದೂವರೆಯಿಂದ ಮರುದಿನ ಬೆಳಗಿನ ಐದೂವರೆಯವರೆಗೆ ನಡೆಯುತ್ತದೆ. ಸೋಮವಾರದ ಮುಕ್ತಾಯ ದರವೆಂದು ಬರುವುದು ನಮ್ಮ ಲೆಕ್ಕದಲ್ಲಿ ಮಂಗಳವಾರ ನಸುಕಿನದು. ಕೋರಿಕೆಯಲ್ಲಿ ಟೈಮ್‌ಝೋನ್ 5:30 ಎಂದು ಸೇರಿಸಿದರೆ ಕ್ಯಾಂಡಲ್ ಭಾರತದ ಮಧ್ಯರಾತ್ರಿಗೆ ಹೊಂದಿಕೊಳ್ಳುತ್ತದೆ. ಆದರೆ ಸ್ಟಾರ್ಟ್‌ಟೈಮನ್ನು ಆಗಲೂ ಯುಟಿಸಿಯಲ್ಲೇ ಓದಲಾಗುತ್ತದೆ. ಮಾರುಕಟ್ಟೆಯ ಹೊತ್ತಿಗೆ ಇನ್ನೂ ಹತ್ತಿರವಿರಬೇಕೆಂದರೆ ಗಂಟೆವಾರು ಕ್ಯಾಂಡಲ್ ತೆಗೆದುಕೊಂಡು ಸಂಜೆ ನಾಲ್ಕೂವರೆಗೆ ಮುಗಿಯುವುದನ್ನು ಆರಿಸಿಕೊಳ್ಳಬಹುದು.

ರಜೆಯ ವಿಷಯದಲ್ಲಿ ಹಲವರು ಮಾಡುವುದೇನೆಂದರೆ, ಮಾರುಕಟ್ಟೆ ಇಲ್ಲದ ಭಾನುವಾರಕ್ಕೆ ಶನಿವಾರದ ಹತ್ತಿ ಧಾರಣೆಯನ್ನೇ ಮತ್ತೆ ಬರೆದು ಸಾಲುಗಳನ್ನು ಸಮ ಮಾಡುತ್ತಾರೆ. ಅದು ತಪ್ಪು. ಆ ದಿನದ ಬದಲಾವಣೆ ಸೊನ್ನೆಯಾಗಿ, ಹತ್ತಿಯ ಏರಿಳಿತ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಹತ್ತಿ ವಹಿವಾಟು ನಡೆದ ದಿನಗಳನ್ನು ಮಾತ್ರ ಇಟ್ಟುಕೊಂಡು, ಬಿಟ್‌ಕಾಯಿನ್ ಬದಲಾವಣೆಯನ್ನೂ ಅದೇ ದಿನಗಳ ನಡುವೆ ಲೆಕ್ಕ ಹಾಕುವುದು ಸರಿ. ನನಗೆ ಕೇಳಿದರೆ ದಿನವಾರುಗಿಂತ ವಾರದ ಲೆಕ್ಕವೇ ಮೇಲು. ಒಂದು ಬಿಟ್‌ಕಾಯಿನ್ ಇನ್ನೊಂದರಂತೆಯೇ ಇರುತ್ತದೆ. ಎಪಿಎಂಸಿ ಕೊಡುವ ಮಾದರಿ ಧಾರಣೆಯಾದರೋ (ಹೆಚ್ಚು ಮಾಲು ಮಾರಾಟವಾದ ದರ) ಆ ದಿನ ಬಂದ ಮಾಲಿನ ತೇವಾಂಶ, ಎಳೆಯ ಉದ್ದ, ಕಸಕಡ್ಡಿಗಳನ್ನು ಅವಲಂಬಿಸಿರುತ್ತದೆ. ನಿನ್ನೆಗಿಂತ ಇಂದು ಧಾರಣೆ ಇಳಿದರೆ ಬೆಲೆ ಕುಸಿಯಿತೋ, ಒದ್ದೆ ಹತ್ತಿ ಹೆಚ್ಚು ಬಂತೋ ಎಂಬುದು ಆ ಒಂದು ಸಂಖ್ಯೆಯಿಂದ ತಿಳಿಯುವುದಿಲ್ಲ.

ಇನ್ನು, ಬೈನಾನ್ಸ್‌ನ ಆ ದರ ಟೆದರ್‌ನಲ್ಲಿದೆ, ಹತ್ತಿಯದು ಕ್ವಿಂಟಲ್‌ಗೆ ರೂಪಾಯಿಯಲ್ಲಿ. ಒಂದು ಟೆದರನ್ನು ಒಂದು ಡಾಲರೆಂದು ಭಾವಿಸಿ, ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆ) ಪ್ರಕಟಿಸುವ ಡಾಲರ್-ರೂಪಾಯಿ ಉಲ್ಲೇಖ ದರದಿಂದ ರೂಪಾಯಿಗೆ ತಂದುಕೊಳ್ಳಿ. ಹಾಗೆ ಭಾವಿಸಿದ್ದನ್ನು ಪ್ರಬಂಧದಲ್ಲಿ ಬರೆಯಿರಿ.

ಪ್ರಶ್ನೆ (ಅದೇ ವಿದ್ಯಾರ್ಥಿ):

ಮಿಲಿಸೆಕೆಂಡಿಗೆ ಬದಲಿಸಿದ ಮೇಲೆ ಸರಿಯಾಗಿ ಬಂತು, ಮೇಡಂ. ಕೀ ರದ್ದು ಮಾಡಿದೆ. ಇನ್ನೊಂದು ಎಕ್ಸ್‌ಚೇಂಜಿನ ದರದೊಂದಿಗೆ ತಾಳೆ ನೋಡಬೇಕೆಂದಿದ್ದೇನೆ. ಕ್ರಾಕೆನ್ ಆಗಬಹುದೆ?

ಉತ್ತರ:

ಆಗಬಹುದು, ಆದರೆ ಅದರ ಎಪಿಐ ಇತ್ತೀಚಿನ 720 ಕ್ಯಾಂಡಲ್‌ಗಳನ್ನು ಮಾತ್ರ ಕೊಡುತ್ತದೆ, ಎಷ್ಟು ಹಿಂದಿನ ದಿನಾಂಕ ಕೊಟ್ಟರೂ ಅಷ್ಟೆ. ಅದಕ್ಕಿಂತ ಹಳೆಯದಕ್ಕೆ ಅವರೇ ಇಟ್ಟಿರುವ ಸಿಎಸ್‌ವಿ ಕಡತಗಳನ್ನು ಇಳಿಸಿಕೊಳ್ಳಿ. ಕಾಯಿನ್‌ಬೇಸ್ ಆರಿಸಿಕೊಂಡರೆ ಒಂದು ಸಲಕ್ಕೆ 300 ಸಾಲು, ಸಮಯ ಸೆಕೆಂಡಿನಲ್ಲಿ, ಹೊಸದು ಮೊದಲು. ಅಂಕಣಗಳ ಕ್ರಮವೂ ಬೇರೆ. ಬೈನಾನ್ಸ್‌ನಲ್ಲಿ ಸಮಯದ ನಂತರ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ಎಂದಿದ್ದರೆ ಅಲ್ಲಿ ಕನಿಷ್ಠ, ಗರಿಷ್ಠ, ಆರಂಭ, ಮುಕ್ತಾಯ ಎಂದಿದೆ. ಯಾವುದನ್ನೇ ತೆಗೆದುಕೊಂಡರೂ 2024ಕ್ಕೆ 366 ಸಾಲುಗಳಿವೆಯೇ ಎಂದು ನೋಡಿದ ಮೇಲೆಯೇ ತಾಳೆ ಹಾಕಿ.