‘ಫ್ಲೌಟ್’ ಎಲ್ಲಿ ಬಳಸಬೇಕು?

ಪ್ರಶ್ನೆ: ಇಂಗ್ಲಿಷ್ ಸುದ್ದಿಗಳಲ್ಲಿ ‘ಫ್ಲೌಟಿಂಗ್ ದ ರೂಲ್ಸ್’ ಅಂತ ಪದೇ ಪದೇ ಬರುತ್ತೆ. ನಿಯಮ ಮುರಿಯೋದಕ್ಕೆ ‘ಬ್ರೇಕ್’, ‘ವಯೊಲೇಟ್’ ಇವೆಯಲ್ಲ, ಮತ್ತೆ ಇದು ಯಾಕೆ? ಬಳಸಿ ರೂಢಿ ಇರೋರು ದಯವಿಟ್ಟು ತಿಳಿಸಿ.

ಅನುವಾದಕಿಯೊಬ್ಬರು: ಸುದ್ದಿ ಅನುವಾದ ನನ್ನ ಕೆಲಸ, ಈ ಪದ ಆಗಾಗ ಎದುರಾಗುತ್ತೆ. ನಾನು ಮೊದಲು ನೋಡೋದು, ಮಾಡಿದವರಿಗೆ ನಿಯಮ ಗೊತ್ತಿತ್ತಾ, ಗೊತ್ತಿದ್ದೂ ಎಲ್ಲರ ಕಣ್ಣೆದುರೇ ಮೀರಿದ್ರಾ ಅಂತ. ಫಲಕ ಕಾಣದೆ ನೋ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿದರೂ ಅದು ‘ವಯೊಲೇಟ್’ ಆಗುತ್ತೆ. ಫಲಕದ ಬುಡದಲ್ಲೇ ದಿನಾ ನಿಲ್ಲಿಸಿ, ಯಾರು ಹೇಳಿದರೂ ಕ್ಯಾರೇ ಅನ್ನದಿದ್ದರೆ ಅದು ‘ಫ್ಲೌಟ್’. ಕನ್ನಡದಲ್ಲಿ ಬರೀ ‘ಉಲ್ಲಂಘನೆ’ ಅಂದರೆ ಅರ್ಧ ಅರ್ಥ ಸೋರಿಹೋಗುತ್ತೆ. ‘ನಿಯಮ ಗಾಳಿಗೆ ತೂರಿದರು’ ಅಂದಾಗಲೇ ಆ ಉಡಾಫೆ ಕಾಣೋದು. ಕದ್ದುಮುಚ್ಚಿ ಮಾಡಿದ್ದಕ್ಕೆ ನಾನಂತೂ ಈ ಪದ ಹಾಕಲ್ಲ.

ಇನ್ನೊಂದು, ಫ್ಲೌಟ್ ಮಾಡೋದು ಏನನ್ನ ಅಂತ ಗಮನಿಸಿ. ಲಾ, ರೂಲ್, ಆರ್ಡರ್, ಕನ್ವೆನ್ಷನ್ ಇಂಥವನ್ನ. ‘ಶಿ ಫ್ಲೌಟೆಡ್ ಹರ್ ಬಾಸ್’ ಇವತ್ತಿನ ಇಂಗ್ಲಿಷಿಗೆ ಒಗ್ಗಲ್ಲ. ಮನುಷ್ಯರಿಗೆ ಎದುರು ನಿಂತರೆ ‘ಡಿಫೈ’.

ಇಂಗ್ಲಿಷ್ ಮೇಷ್ಟ್ರು: ‘ಡಿಫೈ’ ಬಗ್ಗೆ ಮೇಡಂ ಹೇಳಿದ್ದಕ್ಕೆ ಸೇರಿಸ್ತೀನಿ. 1955ರಲ್ಲಿ ಅಮೆರಿಕದ ಮಾಂಟ್‌ಗಮರಿಯಲ್ಲಿ, ವರ್ಣಭೇದದ ನಿಯಮ ಇದ್ದಾಗ, ಕಪ್ಪು ಜನಾಂಗದ ರೋಸಾ ಪಾರ್ಕ್ಸ್ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡಲ್ಲ ಅಂದರು. ಬೇಕಂತಲೇ, ಎಲ್ಲರೆದುರೇ. ಆದರೂ ಅಲ್ಲಿ ‘ಫ್ಲೌಟೆಡ್’ ಅಂತ ಬರೆದರೆ ಅವರನ್ನೇ ದೂರಿದ ಹಾಗಾಗುತ್ತೆ. ‘ಡಿಫೈಡ್’ ಅಂದರೆ ಅವರ ಧೈರ್ಯಕ್ಕೆ ಜಾಗ ಸಿಗುತ್ತೆ. ಬರೆಯೋರು ಯಾರ ಕಡೆ ಅನ್ನೋದು ಈ ಒಂದು ಪದದಿಂದಲೇ ಗೊತ್ತಾಗಿಬಿಡುತ್ತೆ, ಅದಕ್ಕೇ ನಾನು ತರಗತಿಯಲ್ಲಿ ಇದರ ಮೇಲೆ ಇಷ್ಟು ಒತ್ತು ಕೊಡೋದು. ಶೇಕ್ಸ್‌ಪಿಯರ್ ಕಾಲದಲ್ಲಿ ‘ಫ್ಲೌಟ್’ ಅಂದರೆ ಗೇಲಿ ಮಾಡು ಅಂತ ಇತ್ತು. ಆ ತಾತ್ಸಾರ ಇನ್ನೂ ಅದಕ್ಕೆ ಅಂಟಿಕೊಂಡಿದೆ.

ಕರಡು ತಿದ್ದುವವರು: ‘ಫ್ಲಾಂಟ್’ ಜೊತೆ ಕಲಸಬೇಡಿ, ಅಷ್ಟೇ ನನ್ನ ಕೋರಿಕೆ. ಅದು ಮೆರೆಯೋದು, ಹೊಸ ವಾಚು ಎಲ್ಲರಿಗೂ ಕಾಣಲಿ ಅಂತ ತೋಳು ಮಡಚಿ ಓಡಾಡೋ ಹಾಗೆ. ಇಂಗ್ಲಿಷೇ ಮನೆಮಾತಾದವರೂ ‘ಫ್ಲಾಂಟಿಂಗ್ ದ ರೂಲ್ಸ್’ ಅಂತ ಬರೀತಾರೆ, ಮೆರಿಯಮ್-ವೆಬ್‌ಸ್ಟರ್ ನಿಘಂಟು ಆ ಬಳಕೆಯನ್ನೂ ದಾಖಲಿಸಿದೆ. ಆದರೂ ಪರೀಕ್ಷೆಯಲ್ಲೋ ಕೆಲಸದ ಅರ್ಜಿಯಲ್ಲೋ ಹಾಗೆ ಬರೆದರೆ ಓದೋರು ತಪ್ಪು ಅಂತಲೇ ಎಣಿಸೋ ಸಂಭವ ಹೆಚ್ಚು. ಉಚ್ಚಾರಣೆಗೆ ‘ಔಟ್’ ನೆನಪಿಡಿ, ಫ್ಲ್ + ಔಟ್.