ಪದಚರ್ಚೆ: ಕ್ವಿಯರ್ ಪಾತ್ರಗಳಿಗೆ ‘ಅವರು’ ಸಾಕೇ?

ಮಾನ್ಯರೇ,

ವಿಡಿಯೊ ಗೇಮ್ ವಿನ್ಯಾಸವನ್ನು ಕಲಿಸುವುದು ನನ್ನ ವೃತ್ತಿ. ಆ ಆಟಗಳಲ್ಲಿ ಕ್ವಿಯರ್ ಪಾತ್ರಗಳು, ಅಂದರೆ ಲಿಂಗ, ಲೈಂಗಿಕತೆಗಳ ರೂಢಿಯ ಚೌಕಟ್ಟಿಗೆ ಒಳಪಡದ ಪಾತ್ರಗಳು, ಹೇಗೆ ಮೂಡಿಬಂದಿವೆ ಎಂಬುದು ನನ್ನ ಸಂಶೋಧನೆಯ ವಿಷಯ. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಾರಿಭಾಷಿಕ ಪದಗಳು ಅಷ್ಟಾಗಿ ತೊಡಕಾಗಿಲ್ಲ. ‘ಕ್ವಿಯರ್’ ಎಂಬುದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಪತ್ರಿಕೆಗಳು ಬಳಸುವ ‘ಲೈಂಗಿಕ ಅಲ್ಪಸಂಖ್ಯಾತರು’ ಸಮುದಾಯಕ್ಕೆ ಹೊಂದುತ್ತದೆ, ಒಂಟಿ ಪಾತ್ರಕ್ಕೆ ಹೊಂದುವುದಿಲ್ಲ. 2020ರ ‘ಟೆಲ್ ಮಿ ವೈ’ ಆಟದ ಟೈಲರ್‌ನನ್ನು ‘ಟ್ರಾನ್ಸ್ ಪುರುಷ’ (ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾದ ಗಂಡಸು) ಎನ್ನುತ್ತೇನೆ. ‘ತೃತೀಯ ಲಿಂಗಿ’ ಎಂದರೆ ತಪ್ಪಾಗುತ್ತದೆ, ಏಕೆಂದರೆ ಅವನು ಗಂಡಸು.

ನನ್ನನ್ನು ಕಾಡುತ್ತಿರುವುದು ಕ್ರಿಯಾಪದದ ಕೊನೆಗೆ ಸೇರುವ ಆಖ್ಯಾತ ಪ್ರತ್ಯಯ. ನಾನು, ನೀನು ಎನ್ನುವಾಗ ಕನ್ನಡಕ್ಕೆ ಲಿಂಗದ ಹಂಗಿಲ್ಲ. ‘ನೀನು ಬಾಗಿಲು ತೆರೆದೆ’ ಎಂದು ಆಟ ಹೇಳಿದರೆ ಆಡುವವರು ಯಾರಾದರೂ ಆಗಿರಬಹುದು. ಪ್ರಥಮ ಪುರುಷಕ್ಕೆ (ಅವನು, ಅವಳು, ಅದು, ಅವರು) ಬಂದ ಕೂಡಲೇ ತೆರೆದನು, ತೆರೆದಳು, ತೆರೆಯಿತು, ತೆರೆದರು ಇವುಗಳಲ್ಲಿ ಒಂದನ್ನು ಆರಿಸಲೇಬೇಕು.

2015ರ ‘ಅಂಡರ್‌ಟೇಲ್’ ನೋಡಿ. ಮುಖ್ಯಪಾತ್ರ ಫ್ರಿಸ್ಕ್, ನೆಲದಡಿಯ ಲೋಕಕ್ಕೆ ಬಿದ್ದ ಮನುಷ್ಯರ ಮಗು. ಹುಡುಗನೋ ಹುಡುಗಿಯೋ ಎಂದು ಆಟ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಉಳಿದ ಪಾತ್ರಗಳು ಒಬ್ಬರಿಗೂ ಸಲ್ಲುವ, ಲಿಂಗ ತೋರದ ‘ದೆ’ (they) ಎನ್ನುತ್ತವೆ. ‘ಫ್ರಿಸ್ಕ್ ಬಂದರು’ ಎಂದು ಬರೆದರೆ ಹಿರಿಯರೊಬ್ಬರು ಬಂದಂತೆ ಕೇಳಿಸುತ್ತದೆ. ಜೊತೆಯಲ್ಲಿ ಇನ್ನೊಂದು ಪಾತ್ರವಿದ್ದರೆ ಬಂದವರು ಒಬ್ಬರೋ ಇಬ್ಬರೋ ತಿಳಿಯುವುದಿಲ್ಲ. ವಿಭಕ್ತಿ ಹಚ್ಚುವಾಗಲೂ ಇದೇ ಪಾಡು: ‘ಫ್ರಿಸ್ಕ್‌ನನ್ನು’ ಎನ್ನಲೇ, ‘ಫ್ರಿಸ್ಕ್‌ಳನ್ನು’ ಎನ್ನಲೇ? ‘ಮಗು ಬಂದಿತು’ ಎಂಬುದು ನಮ್ಮ ನುಡಿಗೆ ಸಹಜ. ಅದರಲ್ಲಿ ಅಗೌರವವಿಲ್ಲ, ಅಕ್ಕರೆಯೇ ಇದೆ. ಆದರೆ ಕನ್ನಡದಲ್ಲಿ ಯಾವ ಮಗುವಾದರೂ ‘ಅದು’ ತಾನೆ? ಈ ಒಂದು ಪಾತ್ರದ ಲಿಂಗವನ್ನು ಆಟ ಹೇಳದೆ ಬಿಟ್ಟಿದೆ ಎಂಬುದೇ ಓದುಗರಿಗೆ ಕಾಣದಂತಾಗುತ್ತದೆ.

ಇದಕ್ಕಿಂತ ಕಷ್ಟದ್ದು ಬರ್ಡೋ. ಬಾಯಿಂದ ಮೊಟ್ಟೆ ಉಗುಳುವ ಈ ಪಾತ್ರಕ್ಕೆ ತಾನು ಹುಡುಗಿ ಎಂಬ ಭಾವನೆಯಿದೆ, ‘ಬರ್ಡೆಟ್ಟಾ’ ಎಂದು ಕರೆಸಿಕೊಳ್ಳುವ ಆಸೆಯಿದೆ ಎಂದು ‘ಸೂಪರ್ ಮಾರಿಯೊ ಬ್ರದರ್ಸ್ 2’ರ 1988ರ ಇಂಗ್ಲಿಷ್ ಕೈಪಿಡಿ ತಿಳಿಸುತ್ತದೆ. ಹಾಗೆ ತಿಳಿಸುತ್ತಲೇ ‘ಅವನು’ ಎನ್ನುತ್ತದೆ. ಚುಚ್ಚುವುದು ಆ ‘ಅವನು’. ಪ್ರಾಣಿರೂಪದ ಪಾತ್ರವಲ್ಲವೇ ಎಂದು ಕನ್ನಡದ ರೂಢಿಯಂತೆ ‘ಅದು’ ಹಾಕಿದರೆ ಆ ಮೊನೆ ಮಾಯವಾಗುತ್ತದೆ, ಅದರೊಂದಿಗೆ ನನ್ನ ವಾದಕ್ಕಿರುವ ಸಾಕ್ಷ್ಯವೂ ಹೋಗುತ್ತದೆ. ಆದ್ದರಿಂದ ಕೈಪಿಡಿಯ ಮಾತನ್ನು ಹೇಳುವಾಗ ‘ಅವನು’, ನನ್ನ ಮಾತಿನಲ್ಲಿ ‘ಅವಳು’ ಎಂದು ಇಟ್ಟಿದ್ದೇನೆ. ಇದು ಸರಿಯೆಂದೇ ನನ್ನ ನಂಬಿಕೆ. ಒಪ್ಪದವರು ಕಾರಣ ಕೊಟ್ಟರೆ ಮತ್ತೆ ಯೋಚಿಸುತ್ತೇನೆ.

ಲಿಂಗ ತೋರದ ರೂಪಗಳು ನಮ್ಮಲ್ಲಿ ಇಲ್ಲವೆಂದಲ್ಲ. ‘ಬರಲಿಲ್ಲ’, ‘ಬರಬಹುದು’, ‘ಬರಬೇಕು’, ‘ಬರಲಿ’ ಇವು ಯಾರಿಗಾದರೂ ಸಲ್ಲುತ್ತವೆ. ‘ತಾನು’ ಕೂಡ ಹಾಗೆಯೇ. ಆದರೆ ನಡೆದುದನ್ನು ನಡೆದಂತೆ ಹೇಳುವ ವಾಕ್ಯಕ್ಕೆ ಇವು ಒದಗುವುದಿಲ್ಲ, ಸಂಶೋಧನೆಯ ಬರವಣಿಗೆಯಲ್ಲಿ ಬಹುಪಾಲು ಅಂಥವೇ ವಾಕ್ಯಗಳು.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ಒಬ್ಬರನ್ನೇ ಕುರಿತ ‘ಅವರು’ ಎಂಬುದನ್ನು ಗೌರವದ ಅರ್ಥವಿಲ್ಲದೆ ಬಳಸಿದ ಕಥೆ, ನಾಟಕ, ಅನುವಾದ ಏನಾದರೂ ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಅದರಲ್ಲೂ ಚಿಕ್ಕವರಿಗೆ ಬಳಸಿದ್ದು? ಗಂಡು, ಹೆಣ್ಣು ಎರಡೂ ಅಲ್ಲವೆಂದು ಗುರುತಿಸಿಕೊಳ್ಳುವ ಕನ್ನಡಿಗರು ಆಪ್ತರ ಬಾಯಲ್ಲಿ ‘ಬಂದರು’ ಎನಿಸಿಕೊಳ್ಳಲು ಬಯಸುತ್ತಾರೆಯೇ, ಅಥವಾ ಅದು ದೂರವಿಟ್ಟಂತೆ ಅನಿಸುತ್ತದೆಯೇ? ಅಂಥವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ಮಾತಿಗೇ ನಾನು ಹೆಚ್ಚು ತೂಕ ಕೊಡುತ್ತೇನೆ. ವ್ಯಾಕರಣಕ್ಕೆ ಎಷ್ಟೇ ಅಚ್ಚುಕಟ್ಟಾಗಿ ಕೂತರೂ ನಿಮಗೆ ಒಗ್ಗದ ರೂಪ ನನ್ನ ಬರವಣಿಗೆಯಲ್ಲಿ ಬೇಡ.